ಕಚ್ಚುವ ನಾಯಿಗೆ ಯಜಮಾನನಿಲ್ಲ

ನಮ್ಮ ಊರಿನವರು ಹೇಳುವ ಕಥೆಯಲ್ಲಿ ಒಬ್ಬ ಮಹಾತ್ಮರಿದ್ದಾರೆ. ಅವರ ನಾಯಿ ಶಾಲೆಯ ಟೀಚರನ್ನು ಕಚ್ಚಿತು. ಸುದ್ದಿ ಪಂಚಾಯತಿಗೆ ಹೋಯಿತು. ಮಹಾತ್ಮರು ಎರಡು ಮಾತಾಡಲಿಲ್ಲ. ಕೋವಿ ಹಿಡಿದು, ಮಗನ ಹಾಗೆ ಸಾಕಿದ ನಾಯಿಯನ್ನು ಕೈಯಾರೆ ಕೊಂದರು, ಕಣ್ಣೊರಸಿಕೊಂಡರು, ಊರಿಗೆ ಊಟ ಹಾಕಿ ತಪ್ಪು ತೀರಿಸಿದರು. ಪೊಲೀಸು ಬರಲಿಲ್ಲ, ಯಾರೂ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. "ಆಗಿನ ನ್ಯಾಯ ಅಂದರೆ ಹಾಗೆ ಮಾರಾಯ್ರೆ" ಎಂದು ಹೇಳಿ ಮುಗಿಸುತ್ತಾರೆ. ಆಗಿನ ಎಂದರೆ ಅಜ್ಜನ ಕಾಲದ್ದೇನೂ ಅಲ್ಲ, ನಾಲ್ಕೈದು ವರ್ಷದ ಹಿಂದಿನದ್ದು, ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರದ್ದು. ಇಷ್ಟು ಬೇಗ ಪುರಾಣವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಕಥೆಯಲ್ಲಿ ಒಂದು ನಾಯಿ ಕಚ್ಚಿದ್ದು ನಿಜ, ಒಂದು ನಾಯಿ ಸತ್ತದ್ದು ನಿಜ, ಒಂದು ಊಟ ಆದದ್ದೂ ನಿಜ. ಅವನ್ನು ಪೋಣಿಸಿದ ದಾರ ಮಾತ್ರ ಹೇಳುವವರ ಮನೆಯದ್ದು. ಕಚ್ಚಿಸಿಕೊಂಡ ಟೀಚರು ನನ್ನ ಅಕ್ಕ. ಪಂಚಾಯತಿನಲ್ಲಿ ಅವಳ ಪರವಾಗಿ ಮಾತಾಡಿದವನು ನಾನು. ಆದ್ದರಿಂದ ಊರಿನವರಿಗಿಂತ ಸ್ವಲ್ಪ ಹೆಚ್ಚು ನನಗೆ ಗೊತ್ತು. ಊರಿನ ಹೆಸರು ಬೇಡ. ಕಾಣಿಯೂರಿಗೂ ಸುಳ್ಯಕ್ಕೂ ನಡುವೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ. ಎಲ್ಲಿಟ್ಟರೂ ಅಂಥ ಒಬ್ಬ ಮಹಾತ್ಮರು ಅಲ್ಲಿರುತ್ತಾರೆ.

ಮಹಾತ್ಮರು ನಮಗೆ ದೂರದ ಸಂಬಂಧದಲ್ಲಿ ಮಾವ. ಊರಿಗೆ ಅವರ ಮನೆ ದೊಡ್ಡಮನೆ, ನಮಗೆ ಅವರು ದೊಡ್ಡಮನೆ ಮಾವ. ಅಕ್ಕನ ಶಾಲೆಗೆ ಹೋಗುವ ಕಾಲುದಾರಿ ಅವರ ಅಂಗಳದ ಬದಿಯಿಂದಲೇ ಹಾದುಹೋಗುತ್ತದೆ. ಬೇರೆ ದಾರಿ ಇಲ್ಲವೆಂದಲ್ಲ. ಗುಡ್ಡ ಸುತ್ತಿ, ನೀರಿನ ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಕಾಲುಸಂಕ ದಾಟಿ ಹೋಗಬಹುದು. ಆಷಾಢದಲ್ಲಿ ಆ ಸಂಕ ತೋಡಿನ ಪಾಲಾದರೆ ಮತ್ತೆ ಯಾರಾದರೂ ಕಟ್ಟುವುದು ದೀಪಾವಳಿ ಕಳೆದ ಮೇಲೆ. ಅಕ್ಕನದ್ದು ಆಗ ತಾತ್ಕಾಲಿಕ ನೇಮಕ. ಒಬ್ಬರೇ ಟೀಚರಿದ್ದ ಶಾಲೆ. ಅವಳು ತಡವಾಗಿ ಹೋದರೆ ಶಾಲೆ ತಡವಾಗಿ ತೆರೆಯುತ್ತದೆ, ಹೋಗದಿದ್ದರೆ ತೆರೆಯುವುದೇ ಇಲ್ಲ. ಮೇಲಿನವರು ಒಮ್ಮೆ ಬಂದು ಬೀಗ ಕಂಡರೆ ಸಾಕಿತ್ತು, ಆ ಕೆಲಸ ಇನ್ನೊಬ್ಬರಿಗೆ. ನಮ್ಮ ಮನೆಯಲ್ಲಿ ಸಂಬಳದ ಕೆಲಸ ಎಂದು ಇದ್ದದ್ದು ಅದೊಂದೇ. ಅವಳಿಗೆ ಬೇಕಾಗಿದ್ದದ್ದು ನಾಯಿಯ ಪ್ರಾಣವೂ ಅಲ್ಲ, ಯಾರ ಕ್ಷಮೆಯೂ ಅಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ದಾರಿಯಲ್ಲಿ ಕಾಲಿಡಲು ಬರಬೇಕು, ಅಷ್ಟೆ.

ಕಚ್ಚಿದ ದಿನ ನಡೆದದ್ದನ್ನು ಅಕ್ಕನ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ದೊಡ್ಡಮನೆಯ ಕೆಂಪು ನಾಯಿ ಬೊಗಳುವ ಜಾತಿಯದ್ದಲ್ಲ. ಹಿಂದಿನಿಂದ ಸದ್ದಿಲ್ಲದೆ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಆಗ ಜಗಲಿಯಿಂದ ಮಾವನ ಉಪದೇಶ ಬಂತು: "ಓಡಬೇಡ, ಓಡಿದರೆ ಕಚ್ಚುದು!" ಹಲ್ಲು ಅದಾಗಲೇ ಮಾಂಸದೊಳಗಿತ್ತು. ಕಾಲು ತೊಳೆದು ಸುಣ್ಣ ಹಚ್ಚುವಾಗ ಅತ್ತೆ, "ಎಂತ ಮಾಡದ ನಾಯಿ ಇದು, ಇವತ್ತು ಎಂತಾಯ್ತೋ" ಎಂದರು. ಸ್ವಲ್ಪ ಹೊತ್ತಿನಲ್ಲಿ ಎಂತಾಯ್ತೆಂದು ಮಾವ ಕಂಡುಹಿಡಿದರು. "ನಿನ್ನ ಹೊಸ ಕೊಡೆ ನೋಡಿ ಪಾಪ ಅದು ಹೆದರಿದ್ದು." ಅಂದರೆ ನನ್ನ ಅಕ್ಕ ಕೊಡೆ ಹಿಡಿದು ಒಂದು ಪಾಪದ ನಾಯಿಯನ್ನು ಹೆದರಿಸಿ ಬಂದಿದ್ದಳು. ಹಿಂದಿನ ಮಳೆಗಾಲದಲ್ಲಿ ಅದೇ ನಾಯಿ ಅಂಚೆಯವನನ್ನು ಕಚ್ಚಿದಾಗ ಅವನ ಕೈಯಲ್ಲಿ ಕೊಡೆ ಇರಲಿಲ್ಲ, ಚೀಲ ಇತ್ತು. ಆಗ ಚೀಲ ನೋಡಿ ಹೆದರಿತ್ತಂತೆ.

ಪುತ್ತೂರಿನ ಆಸ್ಪತ್ರೆಯಲ್ಲಿ ಹೊಟ್ಟೆಯ ಸುತ್ತ ದಿನಕ್ಕೊಂದರಂತೆ ಚುಚ್ಚಿಸಿಕೊಳ್ಳಬೇಕಾಯಿತು. ನಾನು ಆಗ ಪುತ್ತೂರಿನಲ್ಲೇ ಕಾಲೇಜು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ ಒಂದೆರಡು ಕಪ್ಪು ತಂದವನು. ಅಕ್ಕನನ್ನು ಆಸ್ಪತ್ರೆಯ ಬೆಂಚಿನಲ್ಲಿ ಕೂರಿಸಿ ಪರಿಚಯದ ವಕೀಲರೊಬ್ಬರ ಹತ್ತಿರ ಹೋದೆ. ಅವರು ದಪ್ಪ ಪುಸ್ತಕ ತೆಗೆದು ದಂಡ ಸಂಹಿತೆಯ ಇನ್ನೂರ ಎಂಬತ್ತೊಂಬತ್ತನೆಯ ಕಲಮು ತೋರಿಸಿದರು. ತನ್ನ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯ ಆಗಬಹುದೆಂದು ತಿಳಿದೂ ಅದನ್ನು ತಕ್ಕಂತೆ ಹದ್ದುಬಸ್ತಿನಲ್ಲಿಡದವನಿಗೆ ಜೈಲು ಅಥವಾ ದಂಡ, ಅಥವಾ ಎರಡೂ.

"ನೋಡು, ಯಜಮಾನ ಅಂತ ಇಲ್ಲ, ಸ್ವಾಧೀನ ಅಂತ ಉಂಟು" ಎಂದರು ವಕೀಲರು. "ಆದರೆ ದೂರು ಕೊಡಬೇಕಾದ್ದು ನಿನ್ನ ಅಕ್ಕ. ನೀನಲ್ಲ."

ಅಕ್ಕ ಕೊಡುವುದಿಲ್ಲ ಎಂದಳು. ಶಾಲೆ ನಿಂತ ಜಾಗ ದೊಡ್ಡಮನೆಯವರು ದಾನ ಕೊಟ್ಟದ್ದು. "ಅವರ ಜಾಗದಲ್ಲಿ ನಿಂತು ಪಾಠ ಮಾಡುದು, ಅವರನ್ನೇ ಕೋರ್ಟಿಗೆ ಎಳೆಯುದು, ಎರಡೂ ಆಗುದಿಲ್ಲ. ಕಟ್ಟಿ ಹಾಕ್ಲಿಕ್ಕೆ ಹೇಳು, ಸಾಕು." ಅಪ್ಪ ಇನ್ನೂ ಒಂದು ಹೆಜ್ಜೆ ಹಿಂದೆ ನಿಂತು, ಹೇಳುವುದೂ ಬೇಡ ಎಂದರು. ಕೊನೆಗೆ ವಿಷಯ ಪಂಚಾಯತಿಗೆ ಬಂತು. ಅಲ್ಲಿಗೆ ಹೋಗುವುದು ಯಾರಿಗೂ ಅವಮಾನವಲ್ಲ, ಯಾಕೆಂದರೆ ಅಲ್ಲಿ ಏನೂ ಆಗುವುದಿಲ್ಲ ಎಂಬ ನಂಬಿಕೆ ಎರಡೂ ಕಡೆಯವರಿಗಿತ್ತು.

ಪಂಚಾಯತಿನ ಅಧ್ಯಕ್ಷರು ಮಾವನ ಭಾವ. ಅವರ ತಂಗಿಯೇ ಅತ್ತೆ. ನಾನು ಕಲಮಿನ ನಂಬರು ಹೇಳಿದ ಕೂಡಲೇ ಅವರು ಎಲೆ ಅಡಿಕೆಯ ತಟ್ಟೆ ಪಕ್ಕಕ್ಕೆ ಸರಿಸಿದರು.

"ಅದೆಲ್ಲ ಮದ್ರಾಸಿನ ಕಾನೂನು ಮಾರಾಯ. ನಾವೀಗ ಮೈಸೂರಿನವರು. ಮೈಸೂರಿನ ಪುಸ್ತಕ ನಮಗೆ ಇನ್ನೂ ಬರಲಿಲ್ಲ."

"ಇದು ಇಡೀ ದೇಶದ ಕಾನೂನು" ಎಂದೆ. "ಹಾಗಾದರೆ ಪುಸ್ತಕ ಬರುವವರೆಗೆ ಊರಿನಲ್ಲಿ ಕೊಲೆಯೂ ಮಾಡಬಹುದಾ?"

"ಕೊಲೆಯ ವಿಷಯ ಬೇರೆ. ಕೊಲೆಗೆ ಪುಸ್ತಕ ಬೇಡ."

"ಕಚ್ಚಿದ್ದಕ್ಕೆ ಬೇಕು?"

"ಕಾಲೇಜಿನಲ್ಲಿ ಇದನ್ನೇ ಕಲಿಸುದಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ನಮ್ಮಲ್ಲಿ ವಾದಕ್ಕೆ ಉತ್ತರ ಇಲ್ಲದಾಗ ವಾದಿಯ ವಿದ್ಯೆಯನ್ನು ವಿಚಾರಿಸುವುದು ಕ್ರಮ.

ಆಗ ಮಾವ ಎದ್ದು ನಿಂತರು. ಬಿಳಿ ಅಂಗಿ, ಹೆಗಲಲ್ಲಿ ಬೈರಾಸು, ಮುಖದಲ್ಲಿ ಮಗಳನ್ನು ಮದುವೆ ಮಾಡಿ ಕೊಡುವವರ ದುಃಖ.

"ಟೀಚರು ನಮ್ಮ ಮಗಳ ಹಾಗೆ. ಅವಳಿಗೆ ಆದದ್ದು ನಮಗೇ ಆದ ಹಾಗೆ. ಆದರೆ ಇದ್ದದ್ದನ್ನು ಹೇಳ್ಬೇಕಲ್ಲ? ಆ ನಾಯಿ ನಮ್ಮದಲ್ಲ. ಎಲ್ಲಿಂದಲೋ ಬಂದು ಸೇರಿಕೊಂಡದ್ದು. ಹಸಿದು ಬಂದದ್ದಕ್ಕೆ ಒಂದು ತುತ್ತು ಅನ್ನ ಹಾಕಿದ್ದು ಹೌದು. ಅನ್ನ ಹಾಕಿದ್ದು ತಪ್ಪಾದರೆ ಹೇಳಿ, ನಾಳೆಯಿಂದ ಹಾಕುದಿಲ್ಲ."

"ಛೆ ಛೆ" ಎಂದರು ಎಲ್ಲರೂ.

"ಅನ್ನ ಹಾಕಿದವನೇ ಯಜಮಾನ ಅಂತಾದರೆ," ಎಂದರು ಅಧ್ಯಕ್ಷರು, "ಊರಿನ ಕಾಗೆಗಳಿಗೆಲ್ಲ ಯಜಮಾನರು ಯಾರು ಅಂತ ನಾವು ಹುಡುಕಬೇಕಾದೀತು."

ಇನ್ನೊಮ್ಮೆ ನಗು. ಕಚ್ಚಿದ ನಾಯಿ ಕಾಗೆಯಾಗಿ ಹಾರಿಹೋಗುವುದರಲ್ಲಿತ್ತು. ಆಗ ನಾನು ಕಾನೂನಿನ ಪುಸ್ತಕ ಬಿಟ್ಟು, ಅವರಿಗೆ ಅರ್ಥವಾಗುವ ಒಂದೇ ಪ್ರಶ್ನೆ ಕೇಳಿದೆ.

"ಹೋದ ಬೋಂಟೆಯಲ್ಲಿ ಹಂದಿ ಬಿತ್ತಲ್ಲ, ನಾಯಿ ಪಾಲು ಯಾರು ತಗೊಂಡದ್ದು?"

ಇದನ್ನು ಘಟ್ಟದ ಆಚೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬೋಂಟೆ ಎಂದರೆ ಬೇಟೆ. ಬಿದ್ದ ಹಂದಿಯನ್ನು ಪಾಲು ಹಾಕುವುದರಲ್ಲಿ ನಮ್ಮವರಿಗಿರುವ ಕಟ್ಟುನಿಟ್ಟು ದಿಲ್ಲಿಯ ಶಾಸನಸಭೆಗೂ ಇರಲಿಕ್ಕಿಲ್ಲ. ಗುಂಡು ಹೊಡೆದವನಿಗೆ ಕೋವಿ ಪಾಲು. ಕಾಡು ನುಗ್ಗಿ ಬೊಬ್ಬೆ ಹಾಕಿದವರಿಗೆ ಆಳಿಗೊಂದು ಪಾಲು. ಹಂದಿಯನ್ನು ತಡೆದು ನಿಲ್ಲಿಸಿದ ನಾಯಿಗೆ ನಾಯಿ ಪಾಲು. ನಾಯಿ ಪಾಲೆಂದರೆ ನಾಯಿ ತಿನ್ನುವುದೆಂದು ತಿಳಿಯಬೇಡಿ. ನಾಯಿಗೆ ಅಲ್ಲೇ ಕರುಳು, ಎಲುಬು. ಒಳ್ಳೆಯ ಮಾಂಸ ಹೋಗುವುದು ನಾಯಿಯ ಯಜಮಾನನ ಅಡುಗೆಮನೆಗೆ. ತಮ್ಮದಲ್ಲದ ನಾಯಿಯ ಪಾಲಿಗೆ ಕೈಚಾಚಿದ್ದಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು, ಒಬ್ಬರ ಸಾವಿಗೆ ಇನ್ನೊಬ್ಬರು ಹೋಗದೆ ಇದ್ದದ್ದುಂಟು. ಹಾಗಾಗಿ ನಾಯಿಯ ಯಜಮಾನ ಯಾರೆಂದು ನಿರ್ಣಯಿಸಲು ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿರಲಿಲ್ಲ. ಕೆಂಪು ನಾಯಿ ಹಂದಿಯ ಕಿವಿ ಕಚ್ಚಿ ನೇತಾಡಿದ್ದನ್ನೂ ಮಾವ ಅದರ ಪಾಲನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಹೋದದ್ದನ್ನೂ ಅಲ್ಲಿ ಕೂತವರಲ್ಲಿ ಅರ್ಧದಷ್ಟು ಜನ ಕಣ್ಣಾರೆ ಕಂಡಿದ್ದರು.

ಮಾವ ಬೈರಾಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿದರು. ನಾಯಿ ತಮ್ಮದೆಂದರೆ ಕಟ್ಟಬೇಕು, ತಮ್ಮದಲ್ಲವೆಂದರೆ ಪಾಲು ಕದ್ದಂತೆ. ಯಾವ ಚರ್ಚಾಸ್ಪರ್ಧೆಯಲ್ಲಾದರೂ ಇಲ್ಲಿಗೆ ಗಂಟೆ ಬಾರಿಸಿ ನನಗೆ ಕಪ್ಪು ಕೊಡುತ್ತಿದ್ದರು.

ಮೂಲೆಯಲ್ಲಿ ಕೂತಿದ್ದ, ಬೋಂಟೆಯಲ್ಲಿ ಪಾಲು ಹಾಕುವ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. ಈಗ ನ್ಯಾಯ ಮಾತಾಡುತ್ತದೆ ಎಂದುಕೊಂಡೆ.

"ಹಾಗಾದರೆ ಇದು ಭಾರಿ ತಪ್ಪಾಯ್ತಲ್ಲ?" ಎಂದರು ಅವರು. "ತನ್ನದಲ್ಲದ ನಾಯಿಯ ಪಾಲು ತಗೊಳ್ಳುದಾ?"

"ಅದಕ್ಕೇ ನಾನು ಹೇಳುವುದು, ನಾಯಿ ಅವರದ್ದೇ ಅಂತ" ಎಂದೆ.

"ನೀನು ಸುಮ್ಮನಿರು. ಅವರೇ ಹೇಳಿದರಲ್ಲ, ನಮ್ಮದಲ್ಲ ಅಂತ? ದೊಡ್ಡಮನೆಯವರು ಸಭೆಯಲ್ಲಿ ಸುಳ್ಳು ಹೇಳ್ತಾರಾ?"

"ಅದರ ಹಿಂದಿನ ಬೋಂಟೆಯಲ್ಲೂ ತಗೊಂಡದ್ದುಂಟು!" ಎಂದು ಇನ್ನೊಬ್ಬ ಎದ್ದ.

"ನನ್ನ ನಾಯಿಯೂ ಅವತ್ತು ಹಂದಿ ಹಿಂದೆ ಓಡಿತ್ತು. ನನಗೆ ಕೊಡಲಿಲ್ಲ!"

"ನಿನ್ನ ನಾಯಿ ಓಡಿದ್ದು ಹಂದಿಯ ಎದುರು, ಹಂದಿ ಅದರ ಹಿಂದೆ. ಕೂತುಕೊ."

ಅಲ್ಲಿಂದ ಮುಂದೆ ಸಭೆಗೆ ಜೀವ ಬಂತು. ಕೊಡೆ, ಕಾಲು, ಇಂಜೆಕ್ಷನ್ನು, ಶಾಲೆ ಯಾವುದೂ ಯಾರ ಬಾಯಲ್ಲೂ ಬರಲಿಲ್ಲ. ಯಜಮಾನನಿಲ್ಲದ ನಾಯಿ ಹಂದಿ ತಡೆದರೆ ಪಾಲು ಯಾರಿಗೆ? ಊರಿಗೋ, ಕೋವಿಗೋ? ಹೆಣ್ಣುನಾಯಿಗೆ ಪೂರ್ತಿ ಪಾಲೋ, ಅರ್ಧವೋ? ಅಕ್ಕ ಬಾಗಿಲ ಹೊರಗೆ ಬ್ಯಾಂಡೇಜಿನ ಕಾಲು ಚಾಚಿ ಕೂತು ಎಲ್ಲ ಕೇಳುತ್ತಿದ್ದಳು. ನನ್ನ ವಾದದಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಅದನ್ನು ಯಾವ ವೇದಿಕೆಯ ಮೇಲೆ ಬೇಕಾದರೂ ಹೇಳಬಲ್ಲೆ. ಹೆಂಗಸಿನ ಕಾಲಿನ ಮಾಂಸಕ್ಕಿಂತ ಹಂದಿಯ ಮಾಂಸಕ್ಕೆ ಹೆಚ್ಚು ನ್ಯಾಯ ಸಲ್ಲುವ ಊರಿನಲ್ಲಿ ಅದನ್ನು ಹೇಳಬೇಕಾಯಿತು, ಅಷ್ಟೆ.

ಮಾವ ಜಾಣರು. ಸಭೆ ಎಷ್ಟು ಹೊತ್ತು ಕೂಗಿತೋ ಅಷ್ಟು ಹೊತ್ತು ತಲೆತಗ್ಗಿಸಿ ನಿಂತು, ಆಮೇಲೆ ಕೈಮುಗಿದರು.

"ತಪ್ಪಾಯ್ತು. ಊರಿನ ನಾಯಿಯ ಪಾಲು ನಾನು ತಗೊಂಡದ್ದು ತಪ್ಪೇ. ಮುಂದಿನ ಬೋಂಟೆಯಲ್ಲಿ ನನ್ನ ಕೋವಿ ಪಾಲು ಪೂರಾ ಊರಿಗೆ. ನಮ್ಮ ಅಂಗಳದಲ್ಲೇ ಅಡುಗೆ. ಎಲ್ಲರೂ ಬರಬೇಕು."

"ದೊಡ್ಡ ಮನಸ್ಸು" ಎಂದರು ಪಾಲು ಹಾಕುವ ಹಿರಿಯರು. ನನ್ನ ಪಕ್ಕದಲ್ಲಿದ್ದವನ ಕಣ್ಣು ಒದ್ದೆಯಾಗಿತ್ತು. ಜೈಲಿಗೆ ಹೋಗಬಹುದಾದ ತಪ್ಪೊಂದನ್ನು ಊಟ ಹಾಕಿ ಮುಗಿಸಬಹುದಾದ ತಪ್ಪಿಗೆ ವಿನಿಮಯ ಮಾಡಿಕೊಂಡವರನ್ನು ನೋಡಿ ಅಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

"ನಾಯಿಯ ವಿಷಯ?" ಎಂದು ಕೇಳಿದೆ.

ಅಧ್ಯಕ್ಷರಿಗೆ ನನ್ನನ್ನು ಮನೆಗೆ ಕಳಿಸುವ ಅವಸರ. "ನಾಯಿ ಯಾರದ್ದೂ ಅಲ್ಲ ಅಂತ ಆಯ್ತಲ್ಲ? ಯಜಮಾನ ಇಲ್ಲದ ನಾಯಿಗಳನ್ನು ಕೊಲ್ಲಿಸತಕ್ಕದ್ದು ಅಂತ ಒಂದು ಠರಾವು ಮಾಡುವ." ಸ್ವಲ್ಪ ಹೊತ್ತಿನ ಹಿಂದೆ ಪುಸ್ತಕ ಇಲ್ಲದೆ ಕೈಕಟ್ಟಿ ಕೂತಿದ್ದ ಪಂಚಾಯತಿಗೆ ಈಗ ಕೊಲ್ಲಿಸುವ ಅಧಿಕಾರವೇ ಬಂದಿತ್ತು.

"ಕಚ್ಚಿದ ಕೆಂಪು ನಾಯಿ ಅಂತ ಬರೆಯಿರಿ."

"ಬಣ್ಣ ಎಲ್ಲ ಕಾನೂನಿನಲ್ಲಿ ಬರುದಿಲ್ಲ ಮಾರಾಯ."

ಕೊಲ್ಲುವ ಕೆಲಸ, ಕೋವಿಯ ಲೈಸೆನ್ಸು ಇದ್ದ ಮಾವನಿಗೇ ಬಂತು. ಒಂದು ಆದಿತ್ಯವಾರ ಶಾಲೆಯ ಕಡೆ ಗುಂಡಿನ ಸದ್ದು ಕೇಳಿತು. ಮರುದಿನ ಅಕ್ಕ ಗುಡ್ಡ ಸುತ್ತಿ ಶಾಲೆಗೆ ಹೋದಾಗ ಮಕ್ಕಳು ಅಂಗಳದ ರಕ್ತಕ್ಕೆ ಮಣ್ಣು ಮುಚ್ಚುತ್ತಿದ್ದರು. ಶಾಲೆಯ ಮಾಡಿನ ಸೂರಿನ ಕೆಳಗೆ ಒಂದು ಬಿಳಿ ನಾಯಿ ಮಲಗಿರುತ್ತಿತ್ತು. ಮಕ್ಕಳು ಬುತ್ತಿಯಲ್ಲಿ ಉಳಿಸಿದ್ದನ್ನು ತಿಂದು ಬದುಕಿದ್ದದ್ದು. ಕಚ್ಚುವುದಿರಲಿ, ಬೆಕ್ಕು ಬಂದರೆ ಎದ್ದು ಜಾಗ ಬಿಡುತ್ತಿತ್ತು. ಸತ್ತದ್ದು ಅದು.

ನಾನು ನೇರ ದೊಡ್ಡಮನೆಗೆ ಹೋದೆ.

"ಮಾವ, ಕಚ್ಚಿದ್ದು ಕೆಂಪು, ಸತ್ತದ್ದು ಬಿಳಿ."

"ಠರಾವಿನಲ್ಲಿ ಎಂತ ಉಂಟು? ಯಜಮಾನ ಇಲ್ಲದ ನಾಯಿ. ಆ ಬಿಳಿ ನಾಯಿಗೆ ಯಜಮಾನ ಇದ್ದನಾ?"

"ಕೆಂಪು ನಾಯಿಗೂ ಇಲ್ಲ ಅಂತ ನೀವೇ ಹೇಳಿದ್ದಲ್ಲವಾ?"

"ಹೌದು, ಇಲ್ಲ. ಅದನ್ನೂ ಹುಡುಕಿದೆ ಮಾರಾಯ. ಸಿಗಲಿಲ್ಲ."

ಕೆಂಪು ನಾಯಿ ಅವರು ಕಾಲು ಇಳಿಬಿಟ್ಟ ಜಗಲಿಯ ಕೆಳಗೇ ಮಲಗಿ ಕಿವಿ ಕೆರೆದುಕೊಳ್ಳುತ್ತಿತ್ತು. ನಾನು ಅದನ್ನು ನೋಡಿದೆ. ಮಾವನೂ ನೋಡಿದರು. "ಕಾಫಿ ಕುಡಿದು ಹೋಗು" ಎಂದರು. ಕಾನೂನಿನ ಅಕ್ಷರವನ್ನು ಇಷ್ಟು ಭಕ್ತಿಯಿಂದ ಪಾಲಿಸಿದವರನ್ನು ನಾನು ಆಮೇಲೆ ಪುತ್ತೂರಿನ ಕೋರ್ಟಿನಲ್ಲೂ ನೋಡಿಲ್ಲ.

ಊಟವೂ ಆಯಿತು. ನಾನು ಹೋಗಲಿಲ್ಲ, ಅಪ್ಪ ಹೋಗಿ ಬಂದು, ಹಂದಿ ಕೊಬ್ಬಿತ್ತು ಎಂದರು. ಆ ಊಟದ ಪಂಕ್ತಿಯಲ್ಲೇ ಬಿಳಿ ನಾಯಿ ಕೆಂಪಾಗಿರಬೇಕು, ಪಾಲಿನ ತಪ್ಪಿನ ಊಟ ಕಚ್ಚಿದ ತಪ್ಪಿನ ಊಟವಾಗಿರಬೇಕು. ಉಂಡ ಬಾಯಿಗಳು ಅಷ್ಟಾದರೂ ಮಾಡಬೇಡವೇ?

ಆ ಮಳೆಗಾಲದಲ್ಲಿ ಸಂಕ ಹೋಯಿತು. ಅಕ್ಕ ಏನು ಮಾಡುತ್ತಾಳೆಂದು ಪುತ್ತೂರಿನ ಕೋಣೆಯಲ್ಲಿ ಕೂತು ನಾನು ಯೋಚಿಸಿದ್ದುಂಟು. ಊರಿಗೆ ಹೋದಾಗ ಕೇಳಿದರೆ, "ಹೇಗೋ ಹೋಗಿಬರ್ತೇನೆ" ಎನ್ನುತ್ತಿದ್ದಳು. ಶಾಲೆ ಸಮಯಕ್ಕೆ ಸರಿಯಾಗಿ ತೆರೆಯುತ್ತಿತ್ತು. ಮೇಲಿನವರು ಬಂದು ನೋಡಿ, ಮೆಚ್ಚಿ ಹೋಗಿದ್ದರು. ಹೇಗೆಂದು ಗೊತ್ತಾದದ್ದು ನನ್ನ ಪರೀಕ್ಷೆ ಮುಗಿದು ರಜೆ ಸಿಕ್ಕಿದ ಮೇಲೆ. ಅವಳ ಶಾಲೆ ಇನ್ನೂ ನಡೆಯುತ್ತಿತ್ತು. ಒಂದು ಬೆಳಿಗ್ಗೆ, ಬೇಡ ಬೇಡ ಎಂದರೂ ಕೇಳದೆ ದೊಣ್ಣೆ ಹಿಡಿದು ಅವಳ ಜೊತೆ ಹೊರಟೆ. ಸಂಕ ಮತ್ತೆ ಕಟ್ಟಿ ಆಗಿದ್ದರೂ ಅವಳು ಗುಡ್ಡದ ಕಡೆ ತಿರುಗಲಿಲ್ಲ. ನೇರ ದೊಡ್ಡಮನೆಯ ದಾರಿ ಹಿಡಿದಳು.

ಬೇಲಿ ದಾಟುವ ತಡಮೆಯ ಹತ್ತಿರ ಕೆಂಪು ನಾಯಿ ಕಾದು ಕೂತಿತ್ತು. ನಾನು ದೊಣ್ಣೆ ಎತ್ತಿದೆ. ಅಕ್ಕ ನನ್ನ ಕೈ ತಗ್ಗಿಸಿ, ಬುತ್ತಿಯ ಮುಚ್ಚಳ ತೆಗೆದು, ದೋಸೆಯೊಳಗೆ ಸುಟ್ಟ ಒಣಮೀನು ಇಟ್ಟು ಅದರ ಮುಂದೆ ಹಾಕಿದಳು. ನಾಯಿ ಬಾಲ ಆಡಿಸಿತು.

"ಎಷ್ಟು ಸಮಯದಿಂದ ಇದು?"

"ಮಳೆಗಾಲದಿಂದ."

"ಕಚ್ಚಿದ ನಾಯಿಗೆ ಸುಂಕ ಕಟ್ಟಿ ದಾರಿ ನಡೆಯುವುದಾ? ನಿನಗೆ ನಾಚಿಕೆ ಆಗುದಿಲ್ಲವಾ? ಅಷ್ಟು ದೊಡ್ಡ ಕಲಮು ಉಂಟು, ಒಂದು ದೂರು ಬರೆದುಕೊಟ್ಟರೆ..."

"ನಿನ್ನ ಕಲಮು ದಿನಾ ಬೆಳಿಗ್ಗೆ ನನ್ನೊಟ್ಟಿಗೆ ನಡೆದುಕೊಂಡು ಬರ್ತದಾ?" ಎಂದಳು ಅಕ್ಕ. "ಬರುವುದಾದರೆ ಹೇಳು, ದೋಸೆ ಅದಕ್ಕೇ ಹಾಕ್ತೇನೆ."

ನಾಯಿ ತಿಂದು ಮುಗಿಸಿ ಅವಳ ಹಿಂದೆಯೇ ಹೊರಟಿತು. ದೊಡ್ಡಮನೆಯ ಜಗಲಿಯಲ್ಲಿ ಐವರ್ನಾಡಿನ ಕಡೆಯ ನೆಂಟರು ಕೂತಿದ್ದರು. ಮಾವ ನಮ್ಮತ್ತ ಕೈತೋರಿಸಿ ಗಟ್ಟಿಯಾಗಿ ಹೇಳಿದರು: "ನೋಡಿ, ಟೀಚರ ನಾಯಿ ಶಾಲೆಗೆ ಹೊರಟಿತು! ದಿನಾ ತಪ್ಪದೆ ಹೋಗುದು, ನಮ್ಮ ಮಕ್ಕಳಾದರೂ ತಪ್ಪಿಸಿಯಾರು." ನೆಂಟರು ನಕ್ಕರು. ಅಕ್ಕನೂ ಸಣ್ಣಗೆ ನಕ್ಕು ಮುಂದೆ ನಡೆದಳು. ನನಗೆ ನಗು ಬರಲಿಲ್ಲ. ಜಗಲಿಯಲ್ಲಿ ಇವತ್ತು ಆಡಿದ ತಮಾಷೆ ನಾಳೆ ಪಂಚಾಯತಿನಲ್ಲಿ ಸಾಕ್ಷಿ ಹೇಳುವುದನ್ನು ನಾನು ಬಲ್ಲೆ. ಊರಿನಲ್ಲಿ ಆಗಲೇ ಆ ನಾಯಿಗೆ ಹೆಸರೇ ಟೀಚರ ನಾಯಿ ಎಂದು ಆಮೇಲೆ ತಿಳಿಯಿತು. ಮಾವ ಅದನ್ನು ಒಮ್ಮೆಯೂ ಬೇರೆ ಹೆಸರಿನಿಂದ ಕರೆಯುವುದಿಲ್ಲವಂತೆ.

ಶಾಲೆಯಲ್ಲಿ ನಾಯಿ ಬಾಗಿಲ ಬಳಿ ಕೂತಿತು. ಒಂದನೇ ತರಗತಿಯ ಹುಡುಗಿಯೊಬ್ಬಳು ಸ್ಲೇಟು ಎದೆಗವಚಿಕೊಂಡು, ಟೀಚರ್ ಎಂದು ಕೂಗುತ್ತ ಅಂಗಳದ ತುದಿಯಿಂದ ಓಡಿಬಂದಳು. ನಾಯಿಯ ಬೆನ್ನ ಮೇಲಿನ ರೋಮ ನಿಗುರಿತು. ಬೊಗಳಲಿಲ್ಲ. ತಲೆ ತಗ್ಗಿಸಿ ಎರಡು ಹೆಜ್ಜೆ ಮುಂದೆ ಹೋಯಿತು. ಅಕ್ಕ ಕೈಯಲ್ಲಿದ್ದ ಹಾಜರಿ ಪುಸ್ತಕ ಬಿಸಾಡಿ ಎರಡೂ ಕೈಯಿಂದ ಅದರ ಕುತ್ತಿಗೆಯ ಚರ್ಮ ಹಿಡಿದು ಎಳೆದಳು. ಹುಡುಗಿ ಅವಳ ಸೆರಗಿನ ಹಿಂದೆ ಅಡಗಿ ನಿಂತಳು. ಅಕ್ಕನ ಕೈ ಇನ್ನೂ ನಾಯಿಯನ್ನು ಬಿಟ್ಟಿರಲಿಲ್ಲ.

ಹುಡುಗಿ ಒಳಗೆ ಹೋಗುವವರೆಗೆ ಕಾದು, ನಾನು ಕೇಳಿದೆ:

"ಅಕ್ಕ, ನಾಳೆ ನಿನ್ನ ಕೈ ತಪ್ಪಿ ಇದು ಆ ಮಗುವನ್ನು ಕಚ್ಚಿದರೆ, ಅದರ ಅಪ್ಪ ಬಂದು ಇದು ಯಾರ ನಾಯಿ ಅಂತ ಕೇಳಿದರೆ, ನೀನು ಎಂತ ಹೇಳುದು?"